ಹದಿನೇಳನೇ ಮೆಟ್ಟಿಲು

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ನಮ್ಮ ಯೋಗೀಶ್ ಅಂಥ ಗೌಡ. ಹಂಪನಕಟ್ಟೆಯ ಹಳೇ ಲಾಡ್ಜಿನ ಕೆಳಗೆ, ಗೂಡಿನಂಥ ಆಫೀಸಿನಲ್ಲಿ ಮೂವತ್ತು ವರ್ಷದಿಂದ ಮನೆಗಳ ಪ್ಲಾನ್ ಬಿಡಿಸುತ್ತಾನೆ. ಆರ್ಕಿಟೆಕ್ಟ್ ಆಗುವ ಹುಚ್ಚು ಅವನಿಗೂ ಇತ್ತು. ಆಗ ಮನೆಯಿಂದ ಹೋಗಿಬರುವ ದೂರದಲ್ಲಿ ಅಂಥ ಕಾಲೇಜಿರಲಿಲ್ಲ, ಪರವೂರಲ್ಲಿಟ್ಟು ಓದಿಸುವ ತಾಕತ್ತು ಅಪ್ಪನಿಗಿರಲಿಲ್ಲ. ಐಟಿಐ ಸೇರಿ ಗೆರೆ ಎಳೆಯಲು ಕಲಿತ. ಪಡೀಲಿನ ಸ್ವಂತ ಮನೆಗೆ ಬಿಡಿಸಿದ ಪ್ಲಾನನ್ನೇ ಎಡಕ್ಕೆ ಬಲಕ್ಕೆ ತಿರುಗಿಸಿ ಎಪ್ಪತ್ತು ಮನೆಗಳಿಗೆ ಕೊಟ್ಟ. ಆರ್ಕಿಟೆಕ್ಟರ ಬಾಗಿಲು ತಟ್ಟಲು ಹೆದರುವ ಜನಕ್ಕೆ ಅಷ್ಟೇ ಸಾಕಿತ್ತು.

ತಪ್ಪಿದ್ದದ್ದು ಒಂದೇ. ಮಹಡಿಯ ನೆಲಕ್ಕೆ ಹಾಸುವ ಟೈಲ್ಸು, ಅದರಡಿಯ ಗಾರೆ ಎರಡರ ದಪ್ಪವನ್ನೂ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗಾಗಿ ಆ ಎಲ್ಲ ಮನೆಗಳಲ್ಲೂ ಕೊನೆಯ ಹದಿನೇಳನೇ ಮೆಟ್ಟಿಲು ಎರಡಿಂಚು ಎತ್ತರ. ಎಡವಿದವರು ತಮ್ಮ ಕಾಲನ್ನೇ ಬೈದುಕೊಂಡರು. ಹೋದ ವರ್ಷ ಯೋಗೀಶನ ಹೆಂಡತಿ ಜಯ ಅಲ್ಲೇ ಎಡವಿ, ಉರುಳಿ ಬಿದ್ದು ತೀರಿಹೋದಳು. ಆಮೇಲೆ ಅಳತೆ ಟೇಪು ಹಿಡಿದಾಗಲೇ ಅವನಿಗೆ ಗೊತ್ತಾದದ್ದು. ಯಾರನ್ನು ಬೈಯುವುದು, ಹೇಳಿ!

ಅಂದಿನಿಂದ ಹಾಡುಹಗಲೇ ಮನೆಯೊಳಗೆ ಹೆಜ್ಜೆ ಸಪ್ಪಳ. ಹದಿನಾರು ಮೆಟ್ಟಿಲು ಹತ್ತುತ್ತದೆ, ನಿಲ್ಲುತ್ತದೆ. ಮತ್ತೆ ಕೆಳಗಿನಿಂದ ಶುರು. ಜಯ ಇನ್ನೂ ಮೇಲೆ ಮುಟ್ಟಿಲ್ಲವಲ್ಲ ಎಂದು ಅವನು ಕೆಳಗೆ ನಿಂತು ಎಣಿಸುತ್ತಿದ್ದ.

ಎಪ್ಪತ್ತು ಮನೆಗೂ ಹೋಗಿ ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಮುಂದಿನದಾದರೂ ಸರಿಯಾಗಲಿ ಎಂದುಕೊಂಡ. ಸುರತ್ಕಲ್‌ನಲ್ಲಿ ಕಬೀರ್ ಮನೆ ಕಟ್ಟಿಸುತ್ತಿದ್ದ, ಅವನ ಹೆಂಡತಿ ನಜ್ಲಾ ತುಂಬಿದ ಬಸುರಿ. ಅವಳ ಕಾಲು ಎಡವಬಾರದೆಂದು ಯೋಗೀಶ್ ಹೊಸದಾಗಿ ಪ್ಲಾನ್ ಬಿಡಿಸಿ, ಮೆಟ್ಟಿಲಿಗೆ ಕೆಂಪು ಗುರುತು ಹಾಕಿ, ಮೇಸ್ತ್ರಿ ವಿಲ್ಲಿಯ ಕೈಗೇ ಕೊಟ್ಟ.

ಮನೆ ಒಕ್ಕಲಿನ ಹಿಂದಿನ ಮಧ್ಯಾಹ್ನ ನೋಡಲು ಹೋದ. ಎಣಿಸುತ್ತ ಹತ್ತಿದ. ಹದಿನೇಳಕ್ಕೆ ಕಾಲ್ಬೆರಳು ಬಡಿಯಿತು.

ಮಹಡಿಯಲ್ಲಿದ್ದ ವಿಲ್ಲಿಯನ್ನು ಪ್ಲಾನ್ ಎಲ್ಲಿ ಎಂದು ಕೇಳಿದ. ಅದು ಸಿಮೆಂಟಿನ ಖಾಲಿ ಚೀಲಗಳ ಮೇಲೆ, ಮಡಿಕೆ ಬಿಚ್ಚದೆ ಬಿದ್ದಿತ್ತು.

“ಅದನ್ನು ಎಂತಕ್ಕೆ ನೋಡುದು ಯೋಗೀಶಣ್ಣ? ನಿಮ್ಮ ಪ್ಲಾನ್ ಅಂದ್ರೆ ಒಂದೇ ಅಲ್ವಾ. ನನ್ನ ಕೈಗೇ ಗೊತ್ತುಂಟು.”

ಯೋಗೀಶ್ ಪ್ಲಾನನ್ನು ಎತ್ತಿಕೊಂಡು ಮಡಿಕೆ ಬಿಚ್ಚಿದ. ಅಷ್ಟರಲ್ಲಿ ಕೆಳಗಿನಿಂದ ಹೆಜ್ಜೆ ಸಪ್ಪಳ ಹತ್ತತೊಡಗಿತು. ಅವನಿಗೆ ಎಣಿಸುವ ಅಗತ್ಯವೇ ಇರಲಿಲ್ಲ. ಹದಿನಾರಕ್ಕೆ ನಿಂತಿತು. ವಿಲ್ಲಿಯೂ ತಿರುಗಿ ನೋಡಿದ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

“ಯಾರು ಬಂದದ್ದು?” ವಿಲ್ಲಿಯ ದನಿ ಸಣ್ಣಗಾಗಿತ್ತು.

“ಸುತ್ತಿಗೆ ಕೊಡು ವಿಲ್ಲಿ,” ಎಂದ ಯೋಗೀಶ್, ನೆಲಕ್ಕೆ ಮಂಡಿಯೂರುತ್ತ. “ಜಯ ಮೇಲೆ ಬರ್ಲಿಕ್ಕೆ ಕಾಯ್ತಾ ಇದ್ದಾಳೆ.”