ಬೀಗಿತಿಯ ಬಾಣಲೆಯಲ್ಲಿ ಇಂಗು

ನಾನು ಮಾಡಿದ ಆಲೂಗಡ್ಡೆ ಪಲ್ಯವನ್ನು ನನ್ನ ಬೀಗಿತಿ ಬಾಣಲೆ ಸಮೇತ ಹಿಂಬಾಗಿಲಿನಿಂದ ಹೊರಗಿಟ್ಟರು. ತೊಂಬತ್ತರ ದಶಕದ ಕೊನೆಯ ಮಾತಿದು. ಈಗ ನೆನೆದರೂ ಮೈ ಉರಿಯುತ್ತದೆ.

ಬೀಗಿತಿ ಎಂದರೆ ನನ್ನ ಅಳಿಯನ ತಾಯಿ, ಯಹೂದಿ ಹೆಂಗಸು. ಮನೆ ಸ್ಟ್ಯಾನ್ಮೋರಿನಲ್ಲಿ. ನಾನು ಕುಂದಾಪುರದ ಕಡೆಯವನು, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಒಲೆಯ ಮುಂದೆ ನಿಂತವನು. ಆಗ ಇಂಗ್ಲಿಷರ ದೇಶದಲ್ಲಿ, ಈಸ್ಟ್ ಹ್ಯಾಮಿನ ಒಂದು ಹೋಟೆಲಿನಲ್ಲಿ ಅಡಿಗೆಯವನಾಗಿದ್ದೆ. ನನ್ನ ಮಗಳು ಅವರ ಮಗನನ್ನು ಮದುವೆಯಾದಾಗ ಅವರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಆಮೇಲೆ ಮೊಮ್ಮಗಳು ಹುಟ್ಟಿದಳು. ಅವಳನ್ನು ಎತ್ತಿಕೊಂಡ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೋಟೆಲಿಗೆ ಬಂದವರಿಗೆಲ್ಲ ಕೇಸರಿಬಾತ್ ಹಂಚಿ ಮಾಲೀಕರಿಂದ ಬೈಸಿಕೊಂಡೆ. ಆ ಮೂಗು, ಆ ಗಲ್ಲ! ಹೇಳುತ್ತಾ ಹೋದರೆ ನಿಲ್ಲುವುದಿಲ್ಲ.

ಮಗುವಿಗೆ ನಾಲ್ಕು ತುಂಬಿದ ವರ್ಷ ಬೀಗಿತಿ ನನ್ನನ್ನು ಪಾಸೋವರ್ ಹಬ್ಬಕ್ಕೆ ಕರೆದರು. ಎರಡೂ ಕಡೆಯವರು ಒಂದೇ ಮೇಜಿಗೆ ಕೂರುವುದು ಅದೇ ಮೊದಲು. ಮಗಳು ಫೋನಿನಲ್ಲಿ ಹೇಳಿದಳು:

“ಅಪ್ಪಯ್ಯ, ಎಂತದೂ ತರ್ಬೇಡಿ. ಎಂಟ್ ದಿನ ಅವ್ರ್ ಮನ್ಯಗೆ ಬ್ರೆಡ್ ಇಲ್ಲ, ಗೋಧಿ ಹಿಟ್ಟ್ ಇಲ್ಲ, ಅಕ್ಕಿ, ಬೇಳೆ, ಸಾಸ್ಮೆ ಯಾವ್ದೂ ಇಲ್ಲ. ನೀವ್ ಸುಮ್ನೆ ಬಂದ್ ಕೂಕಣಿ.”

ಸುಮ್ಮನೆ ಕೂರುವುದಾ? ನಾನಾ? ಉಡುಪಿ ಸೀಮೆಯ ಅಡಿಗೆಯವನಿಗೆ ಇದನ್ನು ಹೇಳಿಕೊಡಬೇಕೆ? ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಇನ್ನೊಂದು ತಿಂಗಳು ಬೇಳೆ ಇಲ್ಲ. ಆಗಲೂ ನೂರು ಎಲೆಗೆ ಬಡಿಸಿದವನು ನಾನು. ಆ ಹಬ್ಬದೂಟದಲ್ಲಿ ನನ್ನ ಮೊಮ್ಮಗಳು ನನ್ನ ಕೈಯದೊಂದು ಪದಾರ್ಥ ತಿನ್ನಬೇಕು. ಅಷ್ಟೇ ನನ್ನ ಹಟ. ಮಗಳ ತಲೆ ತಿಂದು ಒಂದು ಪಲ್ಯಕ್ಕೆ ಒಪ್ಪಿಗೆ ಪಡೆದೆ.

ಮಧ್ಯಾಹ್ನವೇ ಹೋದೆ. ಆ ಎಂಟು ದಿನಕ್ಕೆಂದೇ ಬೇರೆ ಇಟ್ಟ ಪಾತ್ರೆಗಳನ್ನು ಅಟ್ಟದಿಂದ ಇಳಿಸಿದ್ದರು. ಬೀಗಿತಿ ನನಗೊಂದು ದಪ್ಪ ತಳದ ಬಾಣಲೆ ಕೊಟ್ಟು, ಪಕ್ಕದಲ್ಲೇ ನಿಂತು, ಮೂಲಂಗಿ ಜಾತಿಯ ಒಂದು ಖಾರದ ಗಡ್ಡೆಯನ್ನು ಕಣ್ಣೀರು ಸುರಿಸುತ್ತಾ ತುರಿದರು. ತುರಿಯುತ್ತಲೇ ಐದು ಸಲ ನನ್ನ ಬಾಣಲೆಗೆ ಇಣುಕಿದರು. ನನಗೆ ಆಗಲೇ ಸಿಟ್ಟು ಏರಿತ್ತು. ಸಾಸಿವೆ ಇಲ್ಲ, ಉದ್ದಿನ ಬೇಳೆ ಇಲ್ಲ. ಬಿಸಿ ಎಣ್ಣೆಗೆ ಹಸಿಮೆಣಸು, ಶುಂಠಿ, ಕರಿಬೇವು ಹಾಕಿದೆ. ಜೇಬಿನಿಂದ ಡಬ್ಬಿ ತೆಗೆದು ಎರಡು ಚಿಟಿಕೆ ಇಂಗು ಹಾಕಿದೆ. ಆಲೂಗಡ್ಡೆ ಹಾಕಿ ಮಗುಚಿದೆ. ಘಮ್ಮೆಂದಿತು.

“ಅದೇನು ವಾಸನೆ?” ಎಂದರು ಬೀಗಿತಿ ಇಂಗ್ಲಿಷಿನಲ್ಲಿ.

“ಇಂಗು. ಗಿಡದ ಅಂಟು. ಹೊಟ್ಟೆಗೆ ಒಳ್ಳೆಯದು,” ಎಂದು ನನ್ನ ಹೋಟೆಲಿನ ಇಂಗ್ಲಿಷಿನಲ್ಲಿ ಹೇಳಿ, ಹೆಮ್ಮೆಯಿಂದ ಡಬ್ಬಿ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂಭಾಗ ಓದಿದರು. “ಇದರಲ್ಲಿ ಗೋಧಿ ಹಿಟ್ಟಿದೆ.”

ನಾನು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿ ಕೂಗಾಡಿದೆ. “ಗಿಡದ್ ಅಂಟಗೆ ಗೋಧಿ ಎಲ್ಲಿಂದ ಬತ್ತ್? ನಲ್ವತ್ ವರ್ಷದಿಂದ ಹಾಕ್ತಾ ಇದ್ದೆ ನಾನ್! ಇವ್ರ್ ನಂಗೆ ಇಂಗ್ ಅಂದ್ರೆ ಎಂತ ಅಂತ ಹೇಳ್ಕೊಡ್ತ್ರಾ?”

ಮಗಳೂ ಓದಿದಳು. “ಹೌದ್ ಅಪ್ಪಯ್ಯ. ಅಂಟ್ ಸ್ವಲ್ಪ, ಹಿಟ್ಟೇ ಜಾಸ್ತಿ ಅಂತ ಬರ್ದಿತ್ತ್.”

“ಹಾಂಗಾರೆ ಆ ಮಟ್ಸಾ ಅಂಬು ಒಣ ರೊಟ್ಟಿ ಎಂತದ್ರದ್ದ್? ಅದೂ ಗೋಧಿದೇ ಅಲ್ದಾ?”

“ಅದ್ ಹಿಟ್ಟ್ ಉಬ್ಬುಕ್ ಮುಂಚೆ, ಹದ್ನೆಂಟ್ ನಿಮಿಷದೊಳಗೆ ಸುಟ್ಟದ್ದ್. ಈಗ ಬಾಯ್ ಮಾಡ್ಬೇಡಿ.”

ಇದ್ಯಾವ ನ್ಯಾಯ? ಬುಟ್ಟಿ ತುಂಬ ಗೋಧಿ ರೊಟ್ಟಿ ನಡೆಯುತ್ತದೆ, ಎರಡು ಚಿಟಿಕೆ ನಡೆಯುವುದಿಲ್ಲ! ಬೀಗಿತಿ ಬಟ್ಟೆ ಹಿಡಿದು ಬಾಣಲೆಯನ್ನು ಎತ್ತಿ ಹೊರಗಿಟ್ಟು ಬಂದರು. ಸಿಂಕಿನ ಅಂಚು ಹಿಡಿದು ಗೋಡೆಗೆ ಹೇಳುವವರಂತೆ ಹೇಳಿದರು: “ಅದು ನನ್ನ ಅಮ್ಮನ ಬಾಣಲೆ.”

ಆ ಹಬ್ಬಕ್ಕೆ ಅದು ಕೆಟ್ಟಿತ್ತು. ಕೆಡಿಸಿದವನು ನಾನು. ಮಡಿಯಲ್ಲಿಟ್ಟ ಪಾತ್ರೆ ಮೈಲಿಗೆಯಾದರೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಆದರೂ ಕೋಪ ಇಳಿಯಲಿಲ್ಲ. ತಿರುಗಿ ನನ್ನ ಮೇಲೇ ಬಂತು. ನಮ್ಮ ಹೋಟೆಲಿಗೆ ಒಬ್ಬಳು ಹುಡುಗಿ ಬರುತ್ತಿದ್ದಳು. ಗೋಧಿ ತಿಂದರೆ ಅವಳಿಗೆ ಹೊಟ್ಟೆ ಕೆಡುತ್ತಿತ್ತು. ಪ್ರತಿ ಸಲ ಒಳಗೆ ಬಂದು, “ಸಾಂಬಾರಿನಲ್ಲಿ ಗೋಧಿ ಇಲ್ಲ ತಾನೆ?” ಎಂದು ಕೇಳುತ್ತಿದ್ದಳು. ನಾನು ಎದೆ ಮುಟ್ಟಿಕೊಂಡು ಇಲ್ಲ ಎನ್ನುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಅವಳು ಬರುವುದನ್ನೇ ಬಿಟ್ಟಳು. ನಲವತ್ತು ವರ್ಷ ಕೈಯಲ್ಲಿ ಹಿಡಿದ ಡಬ್ಬಿಯ ಮೇಲೆ ಏನು ಬರೆದಿದೆಯೆಂದು ಒಂದು ದಿನವಾದರೂ ಯಾರನ್ನಾದರೂ ಕೇಳಿದ್ದೇನೆಯೇ? ಕೇಳಿದರೆ ಓದಲು ಬಾರದವನೆಂದು ಗೊತ್ತಾಗುತ್ತದಲ್ಲ! ಥೂ, ಆ ಜಂಬಕ್ಕೆ ಬೆಂಕಿ ಹಾಕ.

ಕೋಟು ಹಾಕಿಕೊಂಡು ಟ್ಯೂಬ್ ರೈಲು ಹಿಡಿದು ಮನೆಗೆ ಹೋಗಿಬಿಡಬೇಕು ಎಂದು ಹೊರಟೆ. ಬೀಗಿತಿ ಅಡ್ಡ ಬಂದರು. ಅಟ್ಟದಿಂದ ಇಳಿಸಿದ ಪೆಟ್ಟಿಗೆಯಿಂದ ಇನ್ನೊಂದು ಚಿಕ್ಕ ಬಾಣಲೆ ತೆಗೆದು, ನಾಲ್ಕು ಆಲೂಗಡ್ಡೆಯ ಜೊತೆ ನನ್ನ ಮುಂದೆ ಕುಕ್ಕಿದರು.

“ಕೈ ತೊಳೆಯಿರಿ. ಜೇಬು ಖಾಲಿ ಮಾಡಿ. ಸೂರ್ಯ ಮುಳುಗಿದರೆ ಹಬ್ಬ ಶುರು, ಇನ್ನು ಒಂದು ಗಂಟೆ ಇದೆ.”

ಜೇಬು ಖಾಲಿ ಮಾಡಿಸಿದರು, ಕಳ್ಳನಿಗೆ ಮಾಡಿಸಿದ ಹಾಗೆ! ಹಲ್ಲು ಕಚ್ಚಿಕೊಂಡು ಮಾಡಿದೆ. ಎಣ್ಣೆ, ಶುಂಠಿ, ಹಸಿಮೆಣಸು, ಉಪ್ಪು, ಕೊನೆಗೆ ನಿಂಬೆರಸ. ಇಂಗಿಲ್ಲದ ಪಲ್ಯ ನನ್ನ ಮೂಗಿಗೆ ಬೋಳುಬೋಳಾಗಿತ್ತು.

ಮೇಜಿನಲ್ಲಿ ಎಲ್ಲರಿಗಿಂತ ಚಿಕ್ಕವರು ಪ್ರಶ್ನೆ ಕೇಳುವುದು ಅವರ ಪದ್ಧತಿ. ನನ್ನ ಮೊಮ್ಮಗಳು ಕುರ್ಚಿಯ ಮೇಲೆ ನಿಂತು, ಈ ರಾತ್ರಿ ಉಳಿದ ರಾತ್ರಿಗಳ ಹಾಗೆ ಏಕಿಲ್ಲ ಎಂದು ಅವರ ಭಾಷೆಯಲ್ಲಿ ಹಾಡಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ, ಎದೆ ಮಾತ್ರ ಒಡೆದುಹೋಗುವಷ್ಟು ತುಂಬಿತು. ಅವರು ಹಬ್ಬದ ಪುಸ್ತಕವನ್ನು ಬಹಳ ಹೊತ್ತು ಓದಿದ ಮೇಲೆ ಊಟ ಬಂತು, ನನ್ನ ಪಲ್ಯ ಬಾಣಲೆ ಸಮೇತ.

“ಅಜ್ಜ, ಈಸ್ ಇಟ್ ಖಾರ?”

“ಇಲ್ಲೆ ಮಗಾ, ತಿನ್ ಕಾಂಬ.”

ತಿಂದಳು. ಮತ್ತೆ ತಟ್ಟೆ ಚಾಚಿದಳು. ಮೂರು ಸಲ! ಆಗ ಬೀಗಿತಿಯೂ ಒಂದು ಚಮಚ ಬಡಿಸಿಕೊಂಡು, ನಿಧಾನಕ್ಕೆ ಅಗಿದು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಉಪ್ಪು ಸ್ವಲ್ಪ ಜಾಸ್ತಿ.”

ಬೇಯಿಸಿದ ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಅದ್ದಿ ತಿನ್ನುವ ಜನ, ನನ್ನ ಪಲ್ಯಕ್ಕೆ ಉಪ್ಪು ಜಾಸ್ತಿ ಅಂದರು! ನಾನು ಎದ್ದು ನಿಂತೇ ಜಗಳಕ್ಕಿಳಿದೆ. ಅವರೂ ಬಿಡಲಿಲ್ಲ. ನಾವು ವಾದ ಮಾಡುತ್ತಿದ್ದ ಹಾಗೆ ಮಗು ಬಾಣಲೆಯನ್ನು ತನ್ನ ಕಡೆ ಎಳೆದುಕೊಂಡು ತಳ ಕೆರೆಯತೊಡಗಿದಳು.