ಲೋಟದೊಳಗಿನ ಕೆಂಪು

ನೆನೆಸಿಟ್ಟ ಪುನರ್ಪುಳಿ ಸಿಪ್ಪೆಯ ಹುಳಿ ವಾಸನೆ ಮೂಗಿಗೆ ತಾಗಿದರೆ ಸಾಕು, ಪವಾಯಿಯ ಈ ಫ್ಲ್ಯಾಟು ಕರಗಿಹೋಗಿ ವಡಾಲದ ಚಾಳಿನ ನಮ್ಮ ಒಂದೇ ಕೋಣೆ ಕಣ್ಣೆದುರು ನಿಲ್ಲುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಇಲ್ಲಿನವರು ಕೋಕಂ ಎನ್ನುವ ಆ ಹಣ್ಣಿನ ಒಣಸಿಪ್ಪೆ ನಮಗೆ ಊರಿನ ಬಸ್ಸಿನಲ್ಲಿ ಬರುತ್ತಿತ್ತು. ಅಜ್ಜಿ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು, ನೀರಿಗೆ ಬಣ್ಣ ಇಳಿದಿದೆಯೇ ಎಂದು ನೋಡಿಯೇ ಕುಡಿಯುತ್ತಿದ್ದರು. "ಸಿಪ್ಪೆ ಬಿಸಾಡ್ಬೇಡ ಮಾರಾಯ್ತಿ, ಗುಣ ಇರುವುದೇ ಬಣ್ಣದಲ್ಲಿ. ಈ ಕೆಂಪು ಒಳಗೆ ಹೋದ್ರೆ ನಾಲ್ಕು ಹೆಸರಾದ್ರೂ ತಲೆಯಲ್ಲಿ ನಿಲ್ತದೆ," ಎಂದು ಅಮ್ಮನಿಗೆ ಹೇಳುತ್ತಿದ್ದರು.

ಅಜ್ಜಿಗೆ ಹೆಸರುಗಳು ಆಗಲೇ ಜಾರತೊಡಗಿದ್ದವು. ಮೊದಲು ನೆರೆಮನೆಯವರದು, ಆಮೇಲೆ ಅಮ್ಮನದು. ಕೊನೆಗೆ ಉಳಿದದ್ದು ನನ್ನದು. ಕುಸುಮಿ ಎಂದು ನನ್ನನ್ನು ಕರೆಯುತ್ತಿದ್ದುದು ಅವರೊಬ್ಬರೇ. ಶಾಲೆಯಿಂದ ಬಂದ ಕೂಡಲೇ ಅವರ ಮುಂದೆ ನಿಂತು, ಇವತ್ತೂ ಕರೆದಾರೇ ಎಂದು ಕಾಯುತ್ತಿದ್ದೆ. ಒಂದು ಸಂಜೆ ಬಹಳ ಹೊತ್ತು ನನ್ನ ಮುಖ ನೋಡಿ, "ನೀನು ಯಾರ ಮಗು? ನಿನ್ನ ಮನೆಯಲ್ಲಿ ಹುಡುಕುವುದಿಲ್ವಾ?" ಎಂದರು. ಮಳೆ ಹಿಡಿಯುವ ಮೊದಲೇ ತೀರಿಕೊಂಡರು.

ಆಷಾಢದ ಹೊತ್ತಿಗೆ, ನಮ್ಮ ಆಟಿ ತಿಂಗಳಲ್ಲಿ ಅವರಿಗೆ ಬಡಿಸಿದೆವು. ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ, ಇಷ್ಟವಾದದ್ದನ್ನೆಲ್ಲ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಮನೆಯವರು ಹೊರಗೆ ನಿಲ್ಲುತ್ತಾರೆ. ಎಲೆಯ ಪಕ್ಕ ಪುನರ್ಪುಳಿಯ ಲೋಟ ಇಟ್ಟವಳು ನಾನು. ಕೋಣೆಯ ಹೊರಗಿನ ಗ್ಯಾಲರಿಯಲ್ಲಿ ನಿಂತಿದ್ದೆವು. ಲೋಕಲ್ ರೈಲು ಹಾದುಹೋಗಿ ಸದ್ದಡಗಿತು. ಆಗ ಮುಚ್ಚಿದ ಬಾಗಿಲಿನೊಳಗಿಂದ, ದಣಿವಾರಿಸಿಕೊಂಡವರ ದನಿಯಲ್ಲಿ ಕೇಳಿತು: "ಕುಸುಮೀ..." ಅಮ್ಮ ಥಟ್ಟನೆ ನನ್ನ ಬಾಯಿ ಮುಚ್ಚಿದರು. "ಓಗೊಡಬೇಡ, ಓಗೊಟ್ಟವರನ್ನು ಜೊತೆಗೇ ಕರ್ಕೊಂಡು ಹೋಗ್ತಾರೆ. ಕೇಳ್ಲೇ ಇಲ್ಲ ಅಂತ ಇರು." ಮತ್ತೆ ಕರೆ ಬರಲಿಲ್ಲ. ಬಾಗಿಲು ತೆರೆದಾಗ ಅನ್ನ ಹಾಕಿದ ಹಾಗೇ ಇತ್ತು. ಲೋಟವೂ ತುಂಬಿಯೇ ಇತ್ತು, ತಿಳಿನೀರು. ಕೆಂಪು ಮಾತ್ರ ಇರಲಿಲ್ಲ.

ಚಾಳಿದ್ದ ಜಾಗದಲ್ಲಿ ಈಗ ಟವರ್ ಎದ್ದಿದೆ, ಅಮ್ಮನೂ ಇಲ್ಲ. ಅಜ್ಜಿಯ ವಯಸ್ಸು ನನಗೇ ಬಂದಿದೆ. ಹೆಸರುಗಳು ನಾಲಗೆಯ ತುದಿಗೆ ಬಂದು ಹಿಂದೆ ಸರಿಯುತ್ತವೆ. "ಡಾರ್ಕ್ ಕಲರ್ ಫ್ರೂಟ್ ಡೈಲಿ ತಗೋ ಮಮ್ಮಿ. ಆ ಕಲರ್‌ನಲ್ಲೇ ಆಂಟಿಆಕ್ಸಿಡೆಂಟ್ ಇರ್ತದೆ, ನಿನ್ನ ಏಜ್‌ಗೆ ಅಚ್ಛಾ ಹೈ. ಮೆಮರಿಗೂ ಹೆಲ್ಪ್ ಆಗ್ಬಹುದು, ಪಕ್ಕಾ ಅಂತ ಇಲ್ಲ," ಎನ್ನುತ್ತಾಳೆ ಡಾಕ್ಟರಾಗಿರುವ ನನ್ನ ಮಗಳು. ದಿನಾ ಒಂದು ಲೋಟ ಪುನರ್ಪುಳಿ ಮಾಡಿ ಮೇಜಿನ ಮೇಲಿಟ್ಟು, ಕೋಣೆಯ ಬಾಗಿಲೆಳೆದು ಪ್ಯಾಸೇಜಿನಲ್ಲಿ ನಿಲ್ಲುತ್ತೇನೆ. "ಹೊರಗ್ಯಾಕೆ ನಿಂತಿದ್ದೀ?" ಎಂದು ಮಗಳು ಕೇಳುತ್ತಾಳೆ. ಸುಮ್ಮನಿರು ಎಂದು ಸನ್ನೆ ಮಾಡುತ್ತೇನೆ. ನನ್ನನ್ನು ಕುಸುಮಿ ಎಂದು ಕರೆಯುವವರು ಈ ಊರಲ್ಲಿ ಯಾರೂ ಉಳಿದಿಲ್ಲ. ಬಾಯಿ ಮುಚ್ಚುವ ಕೈಯೂ ಇಲ್ಲ. ಬಾಗಿಲು ತೆರೆದಾಗಲೆಲ್ಲ ಲೋಟ ಕೆಂಪಗೇ ಇರುತ್ತದೆ. ಅದನ್ನು ನಾನೇ ಕುಡಿಯುತ್ತೇನೆ.