ಇಳಿದು ಮತ್ತೆ ಹತ್ತಿದ ಅಪ್ಪ

ಮೊನ್ನೆ ಮಳೆ ನಿಂತ ಮೇಲೆ ನಮ್ಮ ಪತ್ರಿಕಾ ಕಚೇರಿಯ ಹಿಂದೆ ಯಾರೋ ಜನರೇಟರ್ ಚಾಲೂ ಮಾಡಿದರು. ಡೀಸೆಲ್ ಹೊಗೆಯೂ ಒದ್ದೆ ಹಗ್ಗದ ವಾಸನೆಯೂ ಒಟ್ಟಿಗೇ ಕಿಟಕಿಯಿಂದ ಒಳಗೆ ಬಂದವು. ನಿಮ್ಮಲ್ಲೂ ಇಂಥದೊಂದು ವಾಸನೆ ಇರಬಹುದು, ಈಗ ಬೇರೆ ಯಾರೋ ಇರುವ ಹಳೆಯ ಮನೆಯ ಬಾಗಿಲಿಗೆ ಒಯ್ದು ನಿಲ್ಲಿಸುವಂಥದು. ನಾನು ಅದನ್ನು ಸುಲಭಕ್ಕೆ ನಂಬುವವಳಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳಿ ಖಚಿತಪಡಿಸಿಕೊಂಡೇ ಬರೆಯುವುದು ನನ್ನ ಅಭ್ಯಾಸ. ಇದನ್ನು ಖಚಿತಪಡಿಸಬೇಕಾಗಿದ್ದ ಅಪ್ಪ ಅಮ್ಮ ಇಬ್ಬರೂ ಈಗಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಉಡುಪಿಯಿಂದ ವರ್ಗವಾಗಿ ಬಂದ ಅಪ್ಪ ಎರ್ನಾಕುಲಂನ ಬ್ಯಾಂಕೊಂದರಲ್ಲಿದ್ದರು. ನಮ್ಮ ಬಾಡಿಗೆ ಮನೆ ಹಿನ್ನೀರಿನ ಈಚೆ ದಡದಲ್ಲಿ, ಫೋರ್ಟ್ ಕೊಚ್ಚಿಯಲ್ಲಿ; ಅಪ್ಪ ಹೋಗಿ ಬರುವುದು ಬೋಟಿನಲ್ಲಿ. ತೇವಕ್ಕೆ ಉಬ್ಬಿ, ತಳ್ಳಿದರೆ ನರಳುವ ಬಾಗಿಲು. ಬರಿಗಾಲಿಗೆ ತಣ್ಣಗೆ ತಾಗುವ ಕೆಂಪು ನೆಲ. ಹಿತ್ತಲಲ್ಲಿ ಪಕ್ಕದ ಮನೆಯವರ ಬಾತುಕೋಳಿಗಳ ಗಲಾಟೆ. ಅಮ್ಮನಿಗೆ ಆ ಊರಿನಲ್ಲಿ ಯಾವುದರ ಮೇಲೂ ನಂಬಿಕೆಯಿರಲಿಲ್ಲ. ಹಾಲು ಕಾಯಿಸುವ ಮೊದಲು ಮೂಸುತ್ತಿದ್ದಳು, ಕಿವಿರು ಎತ್ತಿ ನೋಡದೆ ಬೂತಾಯಿ ಮೀನು ಕೊಳ್ಳುತ್ತಿರಲಿಲ್ಲ. ಅಪ್ಪ ದಿನವೂ ತಡವಾಗಿ ಬರತೊಡಗಿದಾಗ ಅವರ ಅಂಗಿಯನ್ನೂ ಮೂಸಿದಳು. ಪಕ್ಕದ ಮನೆಯ ಚೇಚಿ ಬೇಲಿಯಾಚೆಯಿಂದ, “ಸಾರ್ ಇದುವರೆ ಎತ್ತಿಯಿಲ್ಲೇ?” ಎಂದು, ಇನ್ನೂ ತಲುಪಲಿಲ್ಲವೇ ಎಂದು ಕೇಳಿದರೆ ಆ ಪ್ರಶ್ನೆಯಲ್ಲೂ ಏನೋ ಅಡಗಿದಂತೆ ಅವಳಿಗೆ ತೋರುತ್ತಿತ್ತು. ಬ್ಯಾಂಕಿಗೆ ಫೋನು ಮಾಡಿದರೆ ಅಪ್ಪ ಹೊತ್ತಿಗೆ ಸರಿಯಾಗಿ ಹೊರಟಿರುತ್ತಿದ್ದರು. “ನಾನು ಎಣಿಸಿದ ಹಾಗೇ ಆದ್ರೆ ನಿನ್ನನ್ನು ಕರ್ಕೊಂಡು ಉಡುಪಿಗೆ ಹೋಗುದೇ. ಮತ್ತೆ ಬರ್ಲಿಕ್ಕಿಲ್ಲ,” ಎಂದಳು. ಹೆಂಗಸೊಬ್ಬಳ ವಿಷಯವೆಂದು ಅವಳು ಬಾಯಿಬಿಟ್ಟು ಹೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು. ಅಟ್ಟದಿಂದ ಟ್ರಂಕು ಇಳಿದಿತ್ತು.

ಒಂದು ಸಂಜೆ ಇಬ್ಬರೂ ಜೆಟ್ಟಿಗೆ ಹೋಗಿ ಗೂಡಂಗಡಿಯ ಮರೆಯಲ್ಲಿ ನಿಂತೆವು. ಎರ್ನಾಕುಲಂನ ಬೋಟು ಬಂತು. ಜನರೊಂದಿಗೆ ಅಪ್ಪನೂ ಇಳಿದರು; ಆದರೆ ಮನೆಯ ರಸ್ತೆಗೆ ತಿರುಗದೆ ಟಿಕೆಟ್ ಕಿಂಡಿಯ ಸಾಲಿನಲ್ಲಿ ನಿಂತು, ಅದೇ ಬೋಟನ್ನು ಮತ್ತೆ ಹತ್ತಿದರು. ಅಮ್ಮ ನನ್ನ ಮಣಿಕಟ್ಟು ಹಿಡಿದೆಳೆದು ಬೋಟಿನ ಕೊನೆಯ ಸಾಲಿನಲ್ಲಿ ಕೂರಿಸಿದಳು. ಅಪ್ಪ ಮುಂದೆ, ಕಿಟಕಿಯ ಪಕ್ಕ. ಚೀಲ ತೊಡೆಯ ಮೇಲಿತ್ತು. ಓದಲಿಲ್ಲ, ಯಾರೊಂದಿಗೂ ಮಾತಾಡಲಿಲ್ಲ. ನಡುನೀರಿನಲ್ಲಿ ಯಂತ್ರಕ್ಕೆ ಜೊಂಡು ಸಿಕ್ಕಿಕೊಂಡು ಬೋಟು ನಿಂತಿತು. ಎಲ್ಲರೂ ಗೊಣಗಿದರು; ಅಪ್ಪ ಮಾತ್ರ ಕನ್ನಡಕ ಒರೆಸಿ ಹಾಕಿಕೊಂಡು, ಬೋಟಿನವನು ಬಗ್ಗಿ ಕೊಕ್ಕೆಯಿಂದ ಜೊಂಡು ಬಿಡಿಸುವುದನ್ನು ಹಬ್ಬದಡುಗೆ ನೋಡುವವರ ಹಾಗೆ ನೋಡಿದರು. ಅಮ್ಮ ಆಚೆ ದಡವನ್ನೇ ನೋಡುತ್ತಿದ್ದಳು, ಅಲ್ಲಿ ಯಾರು ಕಾಯುತ್ತಿದ್ದಾರೆಂದು. ಅಲ್ಲಿ ಯಾರೂ ಕಾದಿರಲಿಲ್ಲ. ಅಪ್ಪ ಇಳಿದು ಮತ್ತೆ ಕಿಂಡಿಯತ್ತ ತಿರುಗಿದಾಗ ನಾವು ಎದುರಿಗಿದ್ದೆವು.

“ನೀವೆಂತ ಇಲ್ಲಿ?”

“ಅದು ನಾನು ಕೇಳ್ಬೇಕಾದ್ದು. ಯಾರನ್ನು ನೋಡ್ಲಿಕ್ಕೆ ಬರುದು ನೀವು?”

“ಯಾರನ್ನೂ ಇಲ್ಲ ಮಾರಾಯ್ತಿ. ಸುಮ್ಮನೆ. ನೀರು ನೋಡ್ಲಿಕ್ಕೆ.”

“ಉಡುಪಿಯಲ್ಲಿ ನೀರಿರ್ಲಿಲ್ವಾ? ಮಲ್ಪೆಗೆ ಕರ್ಕೊಂಡು ಹೋಗಿ ಅಂದ್ರೆ ಕಾಲು ನೋವು ಅಂತಿದ್ರಿ!”

ಕಿಂಡಿಯೊಳಗಿನವನು ನಗುತ್ತ, “ಇನ್ನ್ ಮೂನ್ನು ಟಿಕೆಟ್, ಅಲ್ಲೇ ಸಾರೇ?” ಎಂದ. ಇವತ್ತು ಮೂರು; ಹಾಗಾದರೆ ಬೇರೆ ದಿನ ಒಂದೇ. ಆ ‘ಇವತ್ತು’ ಅಮ್ಮನ ಕಿವಿಯಲ್ಲಿ ನಿಂತಿರಬೇಕು. ಹಿಂದಿರುಗುವಾಗ ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ಲಂಗರು ಹಾಕಿದ ಹಡಗುಗಳಲ್ಲಿ ದೀಪಗಳು ಹತ್ತುತ್ತಿದ್ದವು. ನೀರಿನಲ್ಲಿ ಕಪ್ಪಗೆ ಏನೋ ಎದ್ದು ಮುಳುಗಿತು. “ಡಾಲ್ಫಿನ್ನು,” ಎಂದರು ಅಪ್ಪ, ಪಿಸುಮಾತಿನಲ್ಲಿ. ನಾನು ನೋಡಿದೆ ಎಂದೇ ಇಂದಿಗೂ ಅನ್ನಿಸುತ್ತದೆ. ಅಮ್ಮ ಮಾತ್ರ ಅದು ತೆಂಗಿನ ಗರಿ ಎಂದೇ ಹೇಳಿದಳು. ಮರುದಿನ ಬೂತಾಯಿ ಶುಚಿಮಾಡುತ್ತ, “ನಮ್ಮನ್ನು ಮೊದಲೇ ನೋಡಿರ್ಬೇಕು. ಅದಕ್ಕೇ ಒಬ್ಬರೇ ಕೂತದ್ದು,” ಎಂದಳು. ಇಲ್ಲವೆನ್ನಲು ನನ್ನಲ್ಲಿ ಸಾಕ್ಷ್ಯವಿರಲಿಲ್ಲ. ಈಗಲೂ ಇಲ್ಲ.

ಟ್ರಂಕು ಅಟ್ಟಕ್ಕೆ ಮರಳಿತು. ಅಪ್ಪ ಅಂದಿನಿಂದ ಇಳಿದವರೇ ನೇರ ಮನೆಗೆ ಬಂದರು. ಅಮ್ಮ ಗೆದ್ದಿದ್ದಳು. ಮುಂದೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ಆಫೀಸಿಗೂ ಮನೆಗೂ ನಡುವೆ ಒಂದು ಬಸ್ಸು, ಅಷ್ಟೇ. ಅಪ್ಪ ಸಂಜೆ ಬಂದು ಚಹಾ ಕುಡಿದು ಟೀವಿಯ ಎದುರು ಕೂರುತ್ತಿದ್ದರು, ಟೀವಿ ಹಾಕಿರುತ್ತಿರಲಿಲ್ಲ. ಮೊದಮೊದಲು ಅಮ್ಮ ಅದನ್ನೂ ಶಂಕಿಸಿದಳು. “ಇಷ್ಟು ಬೇಗ ಬರುದೆಂತಕ್ಕೆ? ಆಫೀಸಲ್ಲಿ ಎಂತಾದ್ರೂ ಆಯ್ತಾ?” ಎಂದು ನನ್ನನ್ನೇ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ಅವರನ್ನೇ ನೋಡುತ್ತ ನಿಲ್ಲತೊಡಗಿದಳು.

ಒಂದು ದಿನ ಚಹಾದ ಲೋಟ ಎತ್ತಿಕೊಳ್ಳುತ್ತ, “ಸ್ವಲ್ಪ ಹೊತ್ತು ಹೊರಗೆ ಹೋಗಿ ಬನ್ನಿ,” ಎಂದಳು.

“ಎಲ್ಲಿಗೆ?”

“ಅದನ್ನು ನನಗೆ ಹೇಳ್ಲಿಕ್ಕಿಲ್ಲ.”

ಅಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದರು, ಅದರಲ್ಲೇನೋ ಮಸಲತ್ತು ಇದೆಯೇ ಎಂಬಂತೆ. ಕೊನೆಗೆ ಚಪ್ಪಲಿ ಮೆಟ್ಟಿ ಹೊರಟರು. ನಾನು ಎದ್ದು ಗೇಟಿನ ಬಳಿ ಹೋಗಿ ಇಣುಕಬೇಕೆಂದಿದ್ದೆ. ಅಮ್ಮ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು. ಅಪ್ಪ ರಸ್ತೆಯಲ್ಲಿ ಎಡಕ್ಕೆ ತಿರುಗಿದರೋ ಬಲಕ್ಕೋ, ನಾವಿಬ್ಬರೂ ನೋಡಲಿಲ್ಲ.